ಹಳೇ ಕ್ಯಾಂಪರ್‌ಗೆ ಮತ್ತೆ ಎಸಿ ಮಾಡಿಸಿದೆ: ಹೊಸಪೇಟೆಯ ಒಂದು ಗ್ಯಾರೇಜ್ ಹೇಗಿತ್ತು

ನನ್ನದು 2012ರ ಬೊಲೆರೊ ಕ್ಯಾಂಪರ್, ಪಿಕಪ್ ಗಾಡಿ. ಹೊಸಪೇಟೆ–ಸಂಡೂರು ಓಡಾಟ, ಅದಿರಿನ ಕೆಂಪು ಧೂಳಲ್ಲೇ ಇದರ ಅರ್ಧ ಆಯಸ್ಸು ಕಳೆದಿದೆ. ಮೂರು ವರ್ಷದಿಂದ ಎಸಿ ಸರಿ ಇರಲಿಲ್ಲ. ಕಿಟಕಿ ಇಳಿಸಿದರೆ ಧೂಳು, ಏರಿಸಿದರೆ ಬೆವರು. ಹೊಸ ಲಾರಿಗಳಿಗೆ ಈಗ ಎಸಿ ಕ್ಯಾಬಿನ್ ಕಡ್ಡಾಯ ಅಂತೆ, ಹಳೇ ಗಾಡಿಯವರ ಪಾಡು ಯಾರಿಗೆ ಬೇಕು.

ಮೊದಲು ಹೋದದ್ದು ಬೇರೆ ಕಡೆ, ಹೆಸರು ಬೇಡ ಬಿಡಿ. ಎರಡು ಬೇಸಿಗೆಯಲ್ಲಿ ಎರಡು ಸಲ "ಗ್ಯಾಸ್ ಖಾಲಿ ಸಾರ್" ಅಂತ ತಲಾ 1,800 ರೂಪಾಯಿ ತೆಗೆದುಕೊಂಡು ತುಂಬಿ ಕಳಿಸಿದರು. ಹದಿನೈದು ದಿನ ತಣ್ಣಗಿತ್ತು, ಆಮೇಲೆ ಬರೀ ಫ್ಯಾನ್ ಗಾಳಿ. ಅದೇನು ಡೀಸೆಲ್ಲಾ, ಓಡಿಸಿದಷ್ಟೂ ಖರ್ಚಾಗೋಕೆ? ಗ್ಯಾಸು ಪೈಪಿನೊಳಗೇ ಸುತ್ತುತ್ತಾ ಇರುತ್ತದೆ. ಹದಿನೈದೇ ದಿನಕ್ಕೆ ಖಾಲಿ ಅಂದ್ರೆ ಎಲ್ಲೋ ಸೋರುತ್ತಿದೆ ಅಂತಲೇ ಲೆಕ್ಕ. ಇದು ನನಗೆ ಹೊಳೆದಿದ್ದು 3,600 ಹೋದ ಮೇಲೆ.

ಈ ಗ್ಯಾರೇಜಿನವರು ಗ್ಯಾಸ್ ಸಿಲಿಂಡರ್ ಮುಟ್ಟಲೇ ಇಲ್ಲ. ಮೊದಲು ನೈಟ್ರೋಜನ್ ತುಂಬಿಸಿ, ಒಂದೊಂದು ಜಾಯಿಂಟಿಗೂ ಸೋಪು ನೀರು ಹಚ್ಚುತ್ತಾ ಬಂದರು. ಗ್ಯಾಸಿನ ಬಿಸಿ ಹೊರಗೆ ಬಿಡುವ ಜಾಲರಿ, ಅಂದ್ರೆ ಕಂಡೆನ್ಸರಿನ ಕೆಳಮೂಲೆಯಲ್ಲಿ ಗುಳ್ಳೆ ಬಂತು, ಕೆಸರು ಕೂತೂ ಕೂತೂ ಅಲ್ಲಿ ಕೊಳೆತು ಹೋಗಿತ್ತು. ಗ್ಯಾಸು ಒತ್ತಿ ಓಡಿಸುವ ಕಂಪ್ರೆಸರಿನ ಹೋಸ್ ಹತ್ತಿರ ಇನ್ನೊಂದು, ಜಾಯಿಂಟಿನ ರಬ್ಬರ್ ಬಳೆ (ಓ-ರಿಂಗ್) ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಿತು. ಆಮೇಲೆ ಡ್ಯಾಶ್‌ಬೋರ್ಡ್ ಬಿಚ್ಚಿ ನನ್ನನ್ನೇ ಕರೆದು ತೋರಿಸಿದರು. ಕೂಲಿಂಗ್ ಕಾಯಿಲ್ ಅನ್ನೋದು ಕೆಂಪು ಇಟ್ಟಿಗೆ ಆಗಿತ್ತು! ನೀರು ಹೋಗುವ ಪೈಪೂ ಮಣ್ಣಿನಿಂದ ಕಟ್ಟಿಕೊಂಡಿತ್ತು. ಎಸಿ ಇದ್ದ ಕಾಲದಲ್ಲಿ ಪಕ್ಕದ ಸೀಟಿನವರ ಕಾಲಡಿ ಯಾಕೆ ಒದ್ದೆಯಾಗುತ್ತಿತ್ತು ಅಂತ ಈಗ ಗೊತ್ತಾಯಿತು.

ಕಂಪ್ರೆಸರ್ ಹೋಗಿದೆ ಅಂತ ಹೆದರಿದ್ದೆ. ಹಳೇ ಆಯಿಲ್ ಸೋಸಿ ನೋಡಿದರು, ಒಳಗೆ ಸವೆದಿದ್ದರೆ ಬರುವ ಲೋಹದ ಚೂರು ಸಿಗಲಿಲ್ಲ, ಹಾಗಾಗಿ ಅದನ್ನೇ ಉಳಿಸಿಕೊಂಡರು. ಸುಮ್ನೆ ಹೊಸದು ಹಾಕಿ ಬಿಲ್ ಏರಿಸಬಹುದಿತ್ತು, ಮಾಡಲಿಲ್ಲ. ಕಂಡೆನ್ಸರ್, ಕಾಯಿಲ್‌ಗೆ ಗ್ಯಾಸು ಅಳತೆಯಲ್ಲಿ ಬಿಡುವ ಎಕ್ಸ್‌ಪಾನ್ಶನ್ ವಾಲ್ವ್, ಡ್ರೈಯರ್, ಎಲ್ಲ ಓ-ರಿಂಗ್ ಹೊಸದು. ಕಾಯಿಲ್ ತೊಳೆದು ವಾಪಸ್ ಹಾಕಿದರು. ಡ್ರೈಯರ್ ಹಳೇದೇ ಇರಲಿ ಅಂದೆ, ಒಪ್ಪಲಿಲ್ಲ. ಒಳಗಿನ ತೇವ ಹೀರೋದು ಅದರ ಕೆಲಸ, ಸಿಸ್ಟಮ್ ಬಿಚ್ಚಿದ ಮೇಲೆ ಬದಲಿಸಲೇಬೇಕು ಅಂದರು. ಆಮೇಲೆ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದು, ಅಂದ್ರೆ ಪಂಪಿನಿಂದ ಒಳಗಿನ ಗಾಳಿ, ತೇವ ಎಲ್ಲ ತೆಗೆದು, ಪಂಪ್ ನಿಲ್ಲಿಸಿ, ಗೇಜಿನ ಮುಳ್ಳು ಮೇಲೆ ಏರುತ್ತದಾ ಅಂತ ಕಾದರು; ಏರಿದರೆ ಇನ್ನೂ ಸೋರುತ್ತಿದೆ ಅಂತ. ಏರಲಿಲ್ಲ. ಅಷ್ಟಾದ ಮೇಲೇ ಆರ್134ಎ ಅನ್ನೋ ಎಸಿ ಗ್ಯಾಸ್, ಅದೂ ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ಗ್ರಾಂ ಲೆಕ್ಕದಲ್ಲಿ. ಹಿಂದಿನವರು ಕೈಯಲ್ಲಿ ಪೈಪ್ ಮುಟ್ಟಿ ನೋಡಿ "ಸಾಕು" ಅಂದಿದ್ದರು.

ಒಟ್ಟು 14,200 ಆಯಿತು. ಮೇ ತಿಂಗಳ ಮಧ್ಯಾಹ್ನ ವೆಂಟಿನೊಳಗೆ ಥರ್ಮಾಮೀಟರ್ ಇಟ್ಟು ನೋಡಿದೆ. ನಿಂತಲ್ಲಿ 13 ಡಿಗ್ರಿ, ಹೈವೇಯಲ್ಲಿ 8. ಈ ಗಾಡಿಗೆ ಇದಕ್ಕಿಂತ ಜಾಸ್ತಿ ಕೇಳೋದು ದುರಾಸೆ, ಅಲ್ವಾ? ಸಂಡೂರಿನ ಏರಿನಲ್ಲಿ ಲೋಡ್ ಇದ್ದರೆ ಈಗಲೂ ಎಸಿ ಆಫ್ ಮಾಡುತ್ತೇನೆ, ಇಂಜಿನ್ ಏದುಸಿರು ಬಿಡುತ್ತದೆ. ಅದು ಗ್ಯಾರೇಜಿನ ತಪ್ಪಲ್ಲ.

ಅವರ ತಪ್ಪೂ ಇವೆ. ಎರಡು ದಿನ ಅಂದವರು ಐದು ದಿನ ಇಟ್ಟುಕೊಂಡರು, ಅಷ್ಟೂ ದಿನ ಬಾಡಿಗೆ ಹೋಯಿತು. ಬಿಲ್ ಅಂದ್ರೆ ಪಾರ್ಟ್ಸ್ ಡಬ್ಬದ ರಟ್ಟಿನ ಹಿಂದೆ ಪೆನ್ನಿನಲ್ಲಿ ಬರೆದ ಲೆಕ್ಕ. ಫೋನ್ ಎತ್ತೋದು ಅಪರೂಪ. ಐದಕ್ಕೆ ನಾಲ್ಕು ಕೊಡುತ್ತೇನೆ. ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂ ಹಾಕೋದು ಮರೆತಿದ್ದಾರೆ, ಗುಂಡಿ ಬಂದಾಗಲೆಲ್ಲ ಕಟಕಟ ಅನ್ನುತ್ತದೆ. ಸೋಮವಾರ ಬಾ ಅಂದಿದ್ದಾರೆ, ಯಾವ ಸೋಮವಾರ ಅಂತ ಹೇಳಿಲ್ಲ.