ಶಾಸಕರ ಹತ್ತಿರ ಏನು ಕೇಳೋಣ: ಖಾಸಗಿ ಮಸೂದೆಯೋ, ಚುಕ್ಕೆ ಗುರುತಿನ ಪ್ರಶ್ನೆಯೋ?

ಅಧಿವೇಶನ ಹತ್ತಿರ ಬಂದಾಗ ಶಾಸಕರಿಗೆ ಮನವಿ ಕೊಡುವವರು ಮೊದಲು ಇದನ್ನು ತೀರ್ಮಾನಿಸಿ: ಬೇಕಿರುವುದು ಹೊಸ ಕಾನೂನೋ, ಇರುವ ಕಾನೂನು ಯಾಕೆ ಜಾರಿಯಾಗಿಲ್ಲ ಎಂಬ ಉತ್ತರವೋ?

ಊರ ಕೆರೆ ಒತ್ತುವರಿಯಾಗಿದೆ ಅನ್ನಿ. ಅದಕ್ಕೆ ಪ್ರಶ್ನೆಯೇ ಸರಿ. ಚುಕ್ಕೆ ಗುರುತಿನದಾದರೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು, ಶಾಸಕರು ಉಪಪ್ರಶ್ನೆಯನ್ನೂ ಹಾಕಬಹುದು. ಸರ್ವೆ ನಂಬರ್ ಸಮೇತ ಬರೆದುಕೊಡಿ. ಸುಮ್ನೆ "ಕೆರೆಗಳ ಸ್ಥಿತಿ ಏನು" ಅಂತ ಕೇಳಿದರೆ "ಪರಿಶೀಲನೆಯಲ್ಲಿದೆ" ಅನ್ನುವ ಸಾಲು ಬರುತ್ತದೆ, ಅಷ್ಟೇ. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ದಾಖಲೆ ಸಿಕ್ಕರೆ ಸಾಕು ಅನ್ನುವವರಿಗೆ ಅದೂ ಕೆಟ್ಟದ್ದಲ್ಲ.

ಕಾನೂನೇ ಇಲ್ಲದ ಕಡೆ ಖಾಸಗಿ ಮಸೂದೆ. ಮಂತ್ರಿಯಲ್ಲದ ಯಾವ ಸದಸ್ಯರೂ ತರಬಹುದು. ಆದರೆ ಪಾಸಾಗುವ ಆಸೆ ಜಾಸ್ತಿ ಬೇಡ. ಸಂಸತ್ತಿನಲ್ಲೇ 1970ರ ನಂತರ ಇಂಥ ಒಂದು ಮಸೂದೆಯೂ ಕಾನೂನಾಗಿಲ್ಲ. ರಾಜ್ಯದ ಬೊಕ್ಕಸಕ್ಕೆ ಖರ್ಚು ತರುವಂಥದ್ದಾದರೆ ಸಂವಿಧಾನದ 207ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸೂ ಬೇಕು.

ಹಾಗಂತ ಪೂರ್ತಿ ದಂಡ ಅಲ್ಲ. ಆಗ ಡಿಎಂಕೆಯ ರಾಜ್ಯಸಭಾ ಸದಸ್ಯರಾಗಿದ್ದ ತಿರುಚ್ಚಿ ಶಿವ ಅವರು ಖಾಸಗಿಯಾಗಿ ತಂದ ತೃತೀಯ ಲಿಂಗಿಗಳ ಹಕ್ಕಿನ ಮಸೂದೆ 2015ರಲ್ಲಿ ರಾಜ್ಯಸಭೆ ದಾಟಿತು. ಮುಂದೆ 2019ರಲ್ಲಿ ಸರ್ಕಾರವೇ ಒಂದು ಕಾಯ್ದೆ ತಂದಿತು. ಅದರ ಬಗ್ಗೆ ಆ ಸಮುದಾಯಕ್ಕೇ ತಕರಾರಿತ್ತು, ಅದು ಬೇರೆ ಮಾತು.