ಸ್ಪ್ರಿಂಗ್ ಎತ್ತರಿಸಬೇಕೇ, ಟೈರ್ ಬದಲಿಸಬೇಕೇ? ಒಂದು ತಗ್ಗು ಎಸ್‌ಯುವಿಯೊಂದಿಗೆ ಐದು ತಿಂಗಳು

ಮೂಡಿಗೆರೆಯ ಕಡೆ ಇರುವ ನಮ್ಮ ತೋಟದ ಮನೆಗೆ ಹೋಗಬೇಕಾದರೆ ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ದಾರಿಯಲ್ಲೇ ಸಾಗಬೇಕು. ಜೀಪು, ಪಿಕಪ್‌ಗಳು ಓಡಾಡಿ ಎರಡೂ ಬದಿಯ ಗಾಲಿಜಾಡು ಆಳಕ್ಕಿಳಿದಿದ್ದು, ನಡುವೆ ಹುಲ್ಲು ಬೆಳೆದ ದಿಬ್ಬ ಉಳಿದುಕೊಂಡಿದೆ. ಆ ದಿಬ್ಬದಲ್ಲಿ ಒಂದು ಕಡೆ ಕಲ್ಲೊಂದು ಮೇಲೆದ್ದು ನಿಂತಿದೆ. ನನ್ನ ಕಾರು ಎಸ್‌ಯುವಿ ಎಂಬ ಹೆಸರಿನದೇ ಆದರೂ ಮುಂದಿನ ಚಕ್ರಗಳಿಗೆ ಮಾತ್ರ ಎಂಜಿನ್ ಬಲ ಹೋಗುವ, 205/55 ಆರ್17 ಅಳತೆಯ (205 ಮಿ.ಮೀ. ಅಗಲ, ಅದರ ಶೇ. 55ರಷ್ಟು ಪಕ್ಕದ ಎತ್ತರ, 17 ಇಂಚಿನ ಚಕ್ರ) ತೆಳು ಟೈರಿನ, ತಿರುವುಗಳಲ್ಲಿ ಸೆಡಾನ್‌ನಂತೆ ಅಂಟಿಕೊಂಡು ಓಡುವ ಗಾಡಿ. ಅದನ್ನು ಕೊಂಡದ್ದೂ ಆ ಗುಣಕ್ಕಾಗಿಯೇ. ಆದರೆ ಮೈಸೂರಿನಿಂದ ಹಬ್ಬಕ್ಕೆಂದು ಮನೆಮಂದಿಯೆಲ್ಲ ಹೊರಟ ದಿನಗಳಲ್ಲಿ ಆ ಕಲ್ಲು ಕಾರಿನ ಹೊಟ್ಟೆಯನ್ನು ಉಜ್ಜುವ ಸದ್ದು ಕೇಳಿದಾಗಲೆಲ್ಲ ಹಿಂದಿನ ಸೀಟಿನಲ್ಲಿ ಕುಳಿತ ಅಪ್ಪ, "ಇದಕ್ಕಿಂತ ನಮ್ಮ ಹಳೇ ಜೀಪೇ ವಾಸಿ ಇತ್ತು ಕಣಪ್ಪ" ಎನ್ನುತ್ತಿದ್ದರು. ಸಸ್ಪೆನ್ಷನ್ (ಚಕ್ರಕ್ಕೂ ಬಾಡಿಗೂ ನಡುವಿನ ಸ್ಪ್ರಿಂಗ್, ಶಾಕ್‌ಗಳ ಏರ್ಪಾಡು) ಎತ್ತರಿಸುವ ಯೋಚನೆ ನನಗೆ ಬಂದದ್ದು ಹೀಗೆ.

ಗ್ಯಾರೇಜಿಗೆ ಹೋಗುವ ಮೊದಲು ಕಾರು ತಾಗುತ್ತಿರುವುದು ಎಲ್ಲಿ, ಎಷ್ಟು ಭಾರವಿದ್ದಾಗ ಎಂಬುದನ್ನು ತಿಳಿದುಕೊಳ್ಳಬೇಕೆನಿಸಿತು. ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕಲಸಿ ಆ ಕಲ್ಲಿನ ತಲೆಗೂ ದಿಬ್ಬದ ಬೆನ್ನಿಗೂ ದಪ್ಪಗೆ ಬಳಿದೆ. ಮೊದಲು ನಾನೊಬ್ಬನೇ ಕುಳಿತು ನಿಧಾನವಾಗಿ ಕಾರು ದಾಟಿಸಿದೆ; ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದರೆ ಎಲ್ಲಿಯೂ ಬಿಳಿ ಇರಲಿಲ್ಲ. ಆಮೇಲೆ ಐದು ಜನ ಕುಳಿತು, ಡಿಕ್ಕಿಯಲ್ಲಿ ಸಾಮಾನು ಇಟ್ಟು ಮತ್ತೆ ದಾಟಿಸಿದೆ. ಈ ಬಾರಿ ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ಹಿಂದಿನ ಅಂಚಿನಲ್ಲಿ ಬೆರಳಗಲದ ಬಿಳಿ ಪಟ್ಟಿ ಮೂಡಿತ್ತು. ಸೈಲೆನ್ಸರ್‌ನ ನಡುಡಬ್ಬಿಯ ಮೇಲೆ ಇನ್ನೊಂದು ಉದ್ದನೆಯ ಗೆರೆ ಬಿದ್ದಿತ್ತು. ಆಯಿಲ್ ಚೇಂಬರ್‌ಗೆ ಏನೂ ತಾಗಿರಲಿಲ್ಲ. ಅಂಗಳದ ಸಿಮೆಂಟ್ ನೆಲದ ಮೇಲೆ ಅಳೆದಾಗ ನಡುಡಬ್ಬಿಯ ಕೆಳಗೆ ಖಾಲಿ ಗಾಡಿಗೆ 186 ಮಿ.ಮೀ. ಇದ್ದ ಜಾಗ, ತುಂಬಿದ ಗಾಡಿಗೆ 151 ಮಿ.ಮೀ.ಗೆ ಇಳಿದಿತ್ತು.

ಈ 35 ಮಿ.ಮೀ. ವ್ಯತ್ಯಾಸವೇ ಇಡೀ ವಿಷಯದ ತಿರುಳು. ಜಾಹೀರಾತಿನಲ್ಲಿ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಜಾಗ) ಎಂದು ಕೊಡುವ ಅಂಕಿ ಖಾಲಿ ಗಾಡಿಯದೋ ತುಂಬಿದ ಗಾಡಿಯದೋ ಎಂಬುದನ್ನು ನೋಡದೆ ಎರಡು ಕಾರುಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಮಹೀಂದ್ರಾ ಥಾರ್‌ಗೆ 226, ಮಾರುತಿ ಜಿಮ್ನಿಗೆ 210, ಹಳೆಯ ರೆನೋ ಡಸ್ಟರ್‌ಗೆ 205 ಮಿ.ಮೀ. ಎಂಬ ಅಂಕಿಗಳು ಎಲ್ಲರಿಗೂ ಬಾಯಿಪಾಠವಾಗಿವೆ. ಆದರೆ ನಾಲ್ಕು ಜನ ಕುಳಿತ ಮೇಲೆ ಉಳಿಯುವುದೆಷ್ಟು ಎಂಬುದನ್ನು ಸ್ಪ್ರಿಂಗ್‌ನ ಬಿಗಿ ನಿರ್ಧರಿಸುತ್ತದೆ. ಹೊಟ್ಟೆ ತಾಗುವುದರಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರಕ್ಕೂ ಪಾಲಿದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಂಥ ಉಬ್ಬನ್ನು ಯಾವ ಕಾರಾದರೂ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುತ್ತದೆ. ನಮ್ಮ ಊರುಗಳ ಮುಂದೆ ರಾತ್ರೋರಾತ್ರಿ ಹಾಕುವ, ಮೊಳದಗಲದ, ಗೋಡೆಯಂತೆ ಎದ್ದುನಿಂತ ಉಬ್ಬುಗಳಿಗೆ ಮಾತ್ರ ಎತ್ತರ ಬೇಕಾಗುತ್ತದೆ.

ಮೊದಲು ಪ್ರಯತ್ನಿಸಿದ್ದು ಸುಲಭದ ಉಪಾಯವನ್ನು: ಸ್ಪ್ರಿಂಗ್‌ನ ಸುರುಳಿಗಳ ನಡುವೆ ತೂರಿಸುವ ರಬ್ಬರ್ ಬಫರ್. ಏನನ್ನೂ ಬಿಚ್ಚಬೇಕಾಗಿಲ್ಲ; ಜ್ಯಾಕ್ ಏರಿಸಿ, ಸಾಬೂನು ನೀರು ಹಚ್ಚಿ ತಿರುಗಿಸಿ ಕೂರಿಸಿದರಾಯಿತು. ನಡುಭಾಗ 9 ಮಿ.ಮೀ. ಏರಿತು. ಅದಕ್ಕಿಂತ ಮುಖ್ಯವಾಗಿ, ಭಾರ ಹೇರಿದಾಗ ಇಳಿಯುವ ಪ್ರಮಾಣ ಕಡಿಮೆಯಾಗಿ, ತುಂಬಿದ ಗಾಡಿಗೂ 169 ಮಿ.ಮೀ. ಉಳಿಯಿತು, ಸುಣ್ಣದ ಕಲ್ಲು ತಾಗಲಿಲ್ಲ. ಅಷ್ಟರಿಂದಲೇ ತೃಪ್ತನಾಗಿದ್ದರೆ ಈ ಬರಹದ ಅಗತ್ಯವಿರುತ್ತಿರಲಿಲ್ಲ. ಬಫರ್ ಕೂತ ಸುರುಳಿ ಕುಗ್ಗಲಾರದು. ಅದರ ಪಾಲಿನ ಕೆಲಸವನ್ನು ಉಳಿದ ಸುರುಳಿಗಳೇ ಹೊರಬೇಕಾಗುವುದರಿಂದ ಸ್ಪ್ರಿಂಗ್ ಬಿಗಿಯಾಗುತ್ತದೆ, ಆದರೆ ಆ ಬಿಗಿಗೆ ತಕ್ಕಂತೆ, ಸ್ಪ್ರಿಂಗ್‌ನ ಕುಣಿತವನ್ನು ಅಡಗಿಸುವ ಶಾಕ್ ಅಬ್ಸಾರ್ಬರ್ ಬದಲಾಗಿರುವುದಿಲ್ಲ. ಒಬ್ಬನೇ ಓಡಿಸುವಾಗ ಕಾಂಕ್ರೀಟ್ ರಸ್ತೆಯ ಪ್ರತಿ ಜೋಡಣೆಯೂ ಬೆನ್ನಿಗೆ ತಿಳಿಯುತ್ತಿತ್ತು. ಜಲ್ಲಿ ಎದ್ದ ತಿರುವುಗಳಲ್ಲಿ ಹಿಂದಿನ ಚಕ್ರಗಳು ನೆಲ ಬಿಟ್ಟು ಕುಪ್ಪಳಿಸಿ ಬದಿಗೆ ಸರಿಯುತ್ತಿದ್ದವು. ಒಂದು ತಿಂಗಳ ನಂತರ ಬಿಚ್ಚಿಸಿದಾಗ ಬಫರ್ ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತು, ಸ್ಪ್ರಿಂಗ್‌ನ ಬಣ್ಣ ಎರಡು ಕಡೆ ಸವೆದು ಕಬ್ಬಿಣ ಕಾಣುತ್ತಿತ್ತು. ಮಲೆನಾಡಿನ ಮಳೆಗೆ ಬಣ್ಣ ಹೋದ ಸ್ಪ್ರಿಂಗ್ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಾಗುವುದಿಲ್ಲ, ಮತ್ತು ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ತುಕ್ಕು ಹಿಡಿದ ಜಾಗದಲ್ಲೇ. ಹಿಂದಿನ ಸೀಟಿನಲ್ಲಿ ಸದಾ ಜನರಿರುವ ಬಾಡಿಗೆ ಗಾಡಿಗೆ, ಅದೂ ಹಿಂದಿನ ಎರಡು ಸ್ಪ್ರಿಂಗ್‌ಗಳಿಗೆ ಮಾತ್ರ, ಇದು ಆದೀತೇನೋ. ನನಗೆ ಒಗ್ಗಲಿಲ್ಲ.

ಎರಡನೆಯದು ಸ್ಪೇಸರ್. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನವರು ಮಾಡಿಸುವುದೂ ಇದನ್ನೇ, ಗ್ಯಾರೇಜುಗಳಲ್ಲಿ ಅರೆಬರೆ ಹೇಳುವುದೂ ಇದರ ಬಗ್ಗೆಯೇ. ಮುಂದೆ ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಎರಡೂ ಒಂದಾಗಿ ಕೂಡಿದ ಕಂಬದ) ತಲೆಗೂ ಬಾಡಿಗೂ ನಡುವೆ 20 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಬಿಲ್ಲೆ, ಹಿಂದೆ ಸ್ಪ್ರಿಂಗ್‌ನ ಬುಡಕ್ಕೆ ಅಷ್ಟೇ ದಪ್ಪದ ಪಾಲಿಯುರೆಥೇನ್ ಬಿಲ್ಲೆ ಹಾಕಿಸಿದೆ. ನಡುಡಬ್ಬಿಯ ಎತ್ತರ 208ಕ್ಕೆ ಏರಿತು. ಗಾಡಿ ತುಂಬಿದಾಗ 173 ಉಳಿಯಿತು. ಅಂಗಳದಲ್ಲಿ ನಿಂತ ಕಾರನ್ನು ನೋಡಿದರೆ ಮೆಚ್ಚುಗೆಯಾಗುವಂತಿತ್ತು, ಕಲ್ಲಿನ ಮೇಲೆ ಹಾದರೂ ಒಂದು ಚುಕ್ಕೆ ಸುಣ್ಣ ಅಂಟಲಿಲ್ಲ. ಎತ್ತರವೊಂದೇ ಲೆಕ್ಕವಾದರೆ ಗೆದ್ದದ್ದು ಸ್ಪೇಸರ್.

ಆದರೆ ಮುಂದಿನ ಬಿಲ್ಲೆ ಮಾಡುವ ಕೆಲಸ ಬೇರೆ, ಹಿಂದಿನ ಬಿಲ್ಲೆ ಮಾಡುವ ಕೆಲಸ ಬೇರೆ. ಮುಂದೆ ಇಡೀ ಸ್ಟ್ರಟ್ಟೇ ಬಾಡಿಯಿಂದ ಕೆಳಗಿಳಿಯುವುದರಿಂದ ಅದರೊಳಗಿನ ಸ್ಪ್ರಿಂಗ್, ಶಾಕ್ ಮೊದಲಿನಂತೆಯೇ ದುಡಿಯುತ್ತವೆ, ಸವಾರಿಯ ಮೆದುವೂ ಹಾಗೆಯೇ ಉಳಿಯುತ್ತದೆ. ಬದಲಾಗುವುದು ಚಕ್ರವನ್ನು ಬಾಡಿಗೆ ಹಿಡಿದಿಡುವ ಕೆಳಗಿನ ಆರ್ಮ್, ಸ್ಟೀರಿಂಗ್ ರಾಡ್ ಮತ್ತು ಚಕ್ರಕ್ಕೆ ಬಲ ಒಯ್ಯುವ ಶಾಫ್ಟ್‌ಗಳ ಓರೆ. ಹಿಂದೆ ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್‌ನಿಂದ ಬೇರೆಯಾಗಿ ನಿಂತಿರುವುದರಿಂದ, ಸ್ಪ್ರಿಂಗ್‌ಗೆ ಬಿಲ್ಲೆ ಕೊಟ್ಟಷ್ಟೂ ಶಾಕ್ ಎಳೆದುಕೊಂಡು ನಿಲ್ಲುತ್ತದೆ; ಚಕ್ರ ಗುಂಡಿಗೆ ಇಳಿಯುವಾಗ ಅದಕ್ಕೆ ಚಾಚಲು ಉಳಿಯುವ ಜಾಗ ಅಷ್ಟೇ ಕಡಿಮೆಯಾಗುತ್ತದೆ. ಪರಿಣಾಮವಾಗಿ ಉಬ್ಬು ದಾಟಿ ಹಿಂದಿನ ಚಕ್ರ ಕೆಳಗೆ ಬೀಳುವಾಗ ಠಕ್ಕೆಂದು ಶಾಕ್‌ನ ಕೊನೆ ಬಡಿಯುವ ಸದ್ದು ಕೇಳಿಸತೊಡಗಿತು. ಗಾಡಿ ತುಂಬಿದ್ದಾಗ ಆ ಸದ್ದಿಲ್ಲ. ಒಬ್ಬನೇ ಇದ್ದಾಗ ಪ್ರತಿ ಉಬ್ಬಿಗೂ ಉಂಟು. ವರ್ಷದ ಬಹುಪಾಲು ದಿನ ನಾನು ಆ ಕಾರಿನಲ್ಲಿ ಒಬ್ಬನೇ ಇರುತ್ತೇನೆ.

ಹಾಸನದಲ್ಲಿ ಬಹಳ ಕಾಲದಿಂದ ನಮ್ಮ ಗಾಡಿಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಕಾರನ್ನು ಲಿಫ್ಟ್ ಮೇಲೆ ಏರಿಸಿ, ನಾಲ್ಕೂ ಚಕ್ರ ಜೋತುಬಿದ್ದ ಮೇಲೆ ಮುಂದಿನ ಎಡಚಕ್ರದ ಬಳಿಗೆ ನನ್ನನ್ನು ಕರೆದು, "ಸಾರ್, ಈ ವೈರ್ ಮುಟ್ಟಿ ನೋಡಿ" ಎಂದರು. ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಸೆನ್ಸರ್‌ನ ವೈರ್ ಅದು. ಸಡಿಲವಾಗಿ ಬಾಗಿರಬೇಕಾದ ವೈರ್ ತಂಬೂರಿಯ ತಂತಿಯಂತೆ ಬಿಗಿದಿತ್ತು. ಬೆರಳಿನಿಂದ ಒತ್ತಿದರೆ ಬಾಗುತ್ತಿರಲಿಲ್ಲ. ಅದನ್ನು ಕ್ಲಿಪ್‌ನಿಂದ ಬಿಡಿಸಿ ಸರಿಪಡಿಸಿದರೂ, ಆ ಒಂದು ಸ್ಪರ್ಶದಿಂದ ನನ್ನ ಮನಸ್ಸು ಅರ್ಧ ತಿರುಗಿತು. ಗಾಡಿಯ ಎತ್ತರವನ್ನು ಅಳೆದು ಕೂರಿಸಿದವರು ಪ್ರತಿ ವೈರ್‌ನ, ಪ್ರತಿ ಬ್ರೇಕ್ ಪೈಪ್‌ನ ಉದ್ದವನ್ನೂ ಆ ಎತ್ತರಕ್ಕೆ ಅಳೆದಿರುತ್ತಾರೆ.

ಉಳಿದರ್ಧ ತಿರುಗಿದ್ದು ಚಾರ್ಮಾಡಿ ಘಾಟಿಯಲ್ಲಿ. ಕೊಟ್ಟಿಗೆಹಾರದಿಂದ ಇಳಿಯುವಾಗ ಮೊದಲಾದರೆ ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂತಿ ತಿರುಗುತ್ತಿತ್ತು. ಈಗ ಬಾಡಿ ಮೊದಲು ಹೊರಕ್ಕೆ ವಾಲಿ, ನೆಲೆಗೊಂಡು, ಆಮೇಲೆ ತಿರುಗುತ್ತಿತ್ತು. ಒಂದು ಬದಿಯ ಚಕ್ರ ಗುಂಡಿಗೆ ಇಳಿದರೆ ಸ್ಟೀರಿಂಗ್ ಕೈಯಲ್ಲಿ ಸಣ್ಣಗೆ ಎಳೆಯುತ್ತಿತ್ತು. ಎತ್ತರಿಸಿದ ಮರುದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆ. ಚಕ್ರಗಳ ದಿಕ್ಕನ್ನು ಸರಿಪಡಿಸಬಹುದಾಯಿತು, ಆದರೆ ನನ್ನ ಕಾರಿನಲ್ಲಿ ಮುಂದಿನ ಚಕ್ರಗಳ ಓರೆಯನ್ನು (ಒಳಕ್ಕೋ ಹೊರಕ್ಕೋ ವಾಲಿ ನಿಲ್ಲುವುದನ್ನು) ಹೊಂದಿಸುವ ಏರ್ಪಾಡೇ ಇಲ್ಲದ್ದರಿಂದ ಅದು ಬದಲಾದಂತೆಯೇ ಉಳಿಯಿತು. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ಲೇನ್ ಬದಲಿಸುವಾಗ ಮೊದಲಿದ್ದ ಭರವಸೆ ಇರಲಿಲ್ಲ. ಕಾರು ಅಪಾಯಕಾರಿಯಾಗಿತ್ತು ಎಂದು ಹೇಳಲಾರೆ; ನಾನು ಹಣ ಕೊಟ್ಟು ಕೊಂಡ ಕಾರು ಅದಾಗಿ ಉಳಿದಿರಲಿಲ್ಲ ಎಂದಷ್ಟೇ ಖಚಿತವಾಗಿ ಹೇಳಬಲ್ಲೆ.

ನಡುವೆ ನೆರೆಯ ತೋಟದವರೊಬ್ಬರ ಕಾರನ್ನೂ ಓಡಿಸಿ ನೋಡಿದೆ. ಅವರು ಉದ್ದದ ಸ್ಪ್ರಿಂಗ್, ಅದಕ್ಕೆ ಹೊಂದುವ ಉದ್ದದ ಶಾಕ್ ಎರಡನ್ನೂ ಸೇರಿಸಿ 30 ಮಿ.ಮೀ. ಎತ್ತರಿಸಿದ್ದಾರೆ. ಹಿಂದಿನ ಠಕ್ ಸದ್ದಿಲ್ಲ, ಕುಪ್ಪಳಿಕೆಯೂ ಇಲ್ಲ. ದಿನವೂ ತೋಟದ ದಾರಿಯಲ್ಲೇ ಓಡಾಡುವವರು ಎತ್ತರಿಸಲೇಬೇಕೆಂದಿದ್ದರೆ ಮಾಡಿಸಬೇಕಾದದ್ದು ಇದು. ಖರ್ಚು ಬಹಳ, ಶಾಫ್ಟ್‌ಗಳ ಓರೆ ಇಲ್ಲಿಯೂ ತಪ್ಪುವುದಿಲ್ಲ.

ಕೊನೆಯದಾಗಿ ಟೈರಿಗೆ ಬಂದೆ. ನಿಜಕ್ಕೂ ಇದರಿಂದಲೇ ಆರಂಭಿಸಬೇಕಿತ್ತು. ನನ್ನದೇ ಕಾರಿನ ಕೆಳದರ್ಜೆಯ ಮಾದರಿ 16 ಇಂಚಿನ ಚಕ್ರಗಳ ಮೇಲೆ ಬರುವುದರಿಂದ ಬ್ರೇಕ್‌ಗೆ ಅಡ್ಡಿಯಾಗದು ಎಂಬುದು ಗೊತ್ತಿತ್ತು. 16 ಇಂಚಿನ ಚಕ್ರಕ್ಕೆ 215/65 ಟೈರ್ ಹಾಕಿದರೆ ಒಟ್ಟು ವ್ಯಾಸ 657 ಮಿ.ಮೀ.ಯಿಂದ 686 ಮಿ.ಮೀ.ಗೆ ಹೋಗುತ್ತದೆ, ಅದರ ಅರ್ಧ, ಅಂದರೆ ಸುಮಾರು 14 ಮಿ.ಮೀ., ಗಾಡಿಗೆ ಎತ್ತರವಾಗಿ ಸಿಗುತ್ತದೆ. ಸ್ಪೇಸರ್‌ಗಿಂತ ಇದು ಕಡಿಮೆ, ನಿಜ. ಆದರೆ ಸ್ಪೇಸರ್ ಎತ್ತುವುದು ಬಾಡಿಯನ್ನು ಮಾತ್ರ. ಕೆಳಗಿನ ಆರ್ಮ್‌ನ ಹೊರತುದಿ, ಹಿಂದಿನ ಆಕ್ಸಲ್ ಇದ್ದಲ್ಲಿಯೇ ಇರುತ್ತವೆ. ಟೈರ್ ಎಲ್ಲವನ್ನೂ ಎತ್ತುತ್ತದೆ, ಒಂದು ಶಾಫ್ಟ್‌ನ ಓರೆಯನ್ನೂ ಕೆಡಿಸುವುದಿಲ್ಲ. ಅದಕ್ಕಿಂತ ದೊಡ್ಡ ಲಾಭ ಟೈರಿನ ಕೆನ್ನೆಯದು, ಅಂದರೆ ನೆಲಕ್ಕೂ ಚಕ್ರದ ಅಂಚಿಗೂ ನಡುವಿನ ಪಕ್ಕದ ರಬ್ಬರಿನದು: 113 ಮಿ.ಮೀ. ಇದ್ದ ರಬ್ಬರ್ 140 ಮಿ.ಮೀ. ಆಯಿತು. ಹಳೆಯ ಟೈರಿನಲ್ಲಿ ಚೂಪುಗಲ್ಲಿಗೆ ಚಕ್ರ ಬಡಿದಾಗ ಅಲಾಯ್ ಅಂಚಿನ ಚಿಂತೆಯಾಗುತ್ತಿತ್ತು. ಈಗ ಆ ಕಲ್ಲನ್ನು ಟೈರ್ ತಾನೇ ನುಂಗಿಕೊಳ್ಳುತ್ತದೆ.

ಕಳೆದುಕೊಂಡದ್ದೂ ಇದೆ. ಮೀಟರ್ 100 ತೋರಿಸುವ ಹೊತ್ತಿಗೆ ಚಕ್ರ ಮೊದಲಿಗಿಂತ ಶೇ. 4ಕ್ಕೂ ಸ್ವಲ್ಪ ಹೆಚ್ಚು ವೇಗವಾಗಿ ಸಾಗಿರುತ್ತದೆ, ಹೆದ್ದಾರಿಯಲ್ಲಿ ಇದನ್ನು ನೆನಪಿಟ್ಟುಕೊಳ್ಳಬೇಕು. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಎಳೆತ ತುಸು ಮಂದವಾಗಿದೆ. ಸ್ಟೀರಿಂಗ್‌ನ ಮೊದಲಿನ ಚುರುಕೂ ಪೂರ್ತಿ ಇಲ್ಲ, ಆದರೆ ಅದು ಟೈರ್ ಬಾಗುವ ಸಣ್ಣ ತಡವೇ ಹೊರತು ಬಾಡಿ ವಾಲುವ ತಡವಲ್ಲ. ಚಾರ್ಮಾಡಿಯ ಎರಡನೇ ತಿರುವಿಗೆ ಕೈ ಅದಕ್ಕೆ ಹೊಂದಿಕೊಂಡಿತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಂದಕ್ಕೆ ಬರುವಾಗ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಟೈರ್ ಸವರುತ್ತಿತ್ತು. ಹೊದಿಕೆಯ ಒಂದು ಕ್ಲಿಪ್ಪನ್ನು ಹಿಂದಕ್ಕೆ ಸರಿಸಿದ ಮೇಲೆ ನಿಂತಿತು. ನಿಮ್ಮ ಕಾರಿನಲ್ಲಿ ಇಷ್ಟು ಜಾಗ ಇದೆಯೇ ಎಂಬುದನ್ನು ಕೊಳ್ಳುವ ಮೊದಲು ನೋಡಲೇಬೇಕು.

ಕಾನೂನಿನ ಮಾತನ್ನು ಬಿಡುವಂತಿಲ್ಲ. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಇಂಥದ್ದನ್ನೇ. ಆದ್ದರಿಂದ ಟೈರ್ ಬದಲಿಸುವ ಮೊದಲು ವಿಮಾ ಕಂಪನಿಗೆ ಪತ್ರ ಬರೆದು ತಿಳಿಸಿದೆ. ಏನೇ ಬದಲಾವಣೆ ಮಾಡಿಸುವವರೂ ಅಷ್ಟನ್ನಾದರೂ ಮಾಡಬೇಕು.

ಸ್ಪೇಸರ್‌ಗಳು ಈಗ ಕೊಟ್ಟಿಗೆಯ ಅಟ್ಟದ ಮೇಲಿವೆ. ಮೂಲ ಸ್ಪ್ರಿಂಗ್, ಮೂಲ ಶಾಕ್, 16 ಇಂಚಿನ ಚಕ್ರ: ಇದೇ ನನ್ನ ಆಯ್ಕೆ. ಎಂಜಿನ್ ಕೆಳಗೆ ಕಬ್ಬಿಣದ ತಗಡು ಹಾಕಿಸುವ ಯೋಚನೆಯೂ ಇತ್ತು. ಅದು ತನ್ನ ದಪ್ಪವನ್ನೇ ಎತ್ತರದಿಂದ ಕಳೆಯುತ್ತದೆ ಎಂಬ ಕಾರಣಕ್ಕೆ ಕೈಬಿಟ್ಟೆ. ದೀಪಾವಳಿಗೆ ಐದು ಜನ ಕುಳಿತು, ಡಿಕ್ಕಿ ತುಂಬಿಕೊಂಡು ಊರಿಗೆ ಹೋದಾಗ ತುಂಬಿದ ಗಾಡಿಗೆ 165 ಮಿ.ಮೀ. ಇತ್ತು. ಅಪ್ಪನೇ ಇಳಿದು ಕಲ್ಲಿಗೆ ಸುಣ್ಣ ಬಳಿದರು. ಇಳಿದವರು ಮತ್ತೆ ಹತ್ತಿ ಕುಳಿತ ಮೇಲೆಯೇ ದಾಟಿಸಬೇಕೆಂದು ಹಟ ಹಿಡಿದರು. ದಾಟಿದ ನಂತರ ಇಬ್ಬರೂ ಬಗ್ಗಿ ನೋಡಿದೆವು. ಪ್ಲಾಸ್ಟಿಕ್ ಹೊದಿಕೆ ಸ್ವಚ್ಛವಾಗಿತ್ತು, ನಡುಡಬ್ಬಿಯ ಮೇಲೆ ಉಗುರಿನಿಂದ ಗೀರಿದಷ್ಟು ತೆಳುವಾದ ಒಂದು ಬಿಳಿ ಗೆರೆ ಇತ್ತು. ಅಪ್ಪ ಅದನ್ನು ಹೆಬ್ಬೆರಳಿನಿಂದ ಒರೆಸಿ, ನಾಳೆ ಗುದ್ದಲಿ ತಂದು ಆ ಕಲ್ಲನ್ನೇ ಒಂದು ಅಂಗುಲ ಇಳಿಸೋಣ ಎಂದರು.