ಕುಟುಂಬದ ಜೊತೆ ಕಾರಲ್ಲಿ ಹಂಪಿಗೆ: ರೂಮು ಹೊಸಪೇಟೆಯಲ್ಲೋ, ಕಮಲಾಪುರದಲ್ಲೋ, ಆನೆಗುಂದಿಯಲ್ಲೋ?

ಬೆಂಗಳೂರಿನಿಂದ ಹೊಸಪೇಟೆಗೆ ಸುಮಾರು 340 ಕಿ.ಮೀ. ಚಿತ್ರದುರ್ಗದವರೆಗೆ 48ನೇ ರಾಷ್ಟ್ರೀಯ ಹೆದ್ದಾರಿ, ಅಲ್ಲಿಂದ ಕೂಡ್ಲಿಗಿ ಮೇಲೆ 50ನೇದು. ತಿಂಡಿ, ಚಹಾ ಎಲ್ಲ ಸೇರಿ ಏಳು ಗಂಟೆ ಇಟ್ಟುಕೊಂಡರೆ ಸಾಕು, ದಾರಿಯಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನಿಲ್ಲ. ಪ್ರವಾಸ ಕೆಡುವುದು ರೂಮು ತಪ್ಪು ಊರಲ್ಲಿ ಹಿಡಿದಾಗ.

ಮೂರೂ ಕಡೆ ಉಳಿದು ನೋಡಿದ ಮೇಲೆ ಅಳತೆಗೋಲು ಒಂದೇ ಅನ್ನಿಸಿದೆ: ಮಧ್ಯಾಹ್ನ 12ರ ಹೊತ್ತಿಗೆ ಮಕ್ಕಳನ್ನೂ ಹಿರಿಯರನ್ನೂ ರೂಮಿಗೆ ಕರೆತಂದು, ಮಲಗಿಸಿ, 3.30ಕ್ಕೆ ಮತ್ತೆ ಹೊರಡಲು ಆಗುತ್ತದೋ ಇಲ್ಲವೋ? ಹಂಪಿಯಲ್ಲಿ ನೆರಳು ಕಡಿಮೆ. ಬಂಡೆ ಬೆಳಗ್ಗೆಯಿಂದ ಬಿಸಿಲು ಕುಡಿದು ಮಧ್ಯಾಹ್ನ ಅದನ್ನೇ ವಾಪಸು ಉಗುಳುತ್ತದೆ. ಏಪ್ರಿಲ್–ಮೇನಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ, ದೇವಸ್ಥಾನದ ಅಂಗಳದ ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಎಲ್ಲರಿಗೂ ದಪ್ಪ ಕಾಲುಚೀಲ ಒಂದೊಂದು ಜೊತೆ ಇರಲಿ.

ಹೊಸಪೇಟೆ

ವಿರೂಪಾಕ್ಷ ಗುಡಿಗೆ ಇಲ್ಲಿಂದ ಸುಮಾರು 13 ಕಿ.ಮೀ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿಬಂದರೆ ದಿನಕ್ಕೆ 52 ಕಿ.ಮೀ. ದೂರಕ್ಕಿಂತ ಹೆಚ್ಚು ಕಾಡುವುದು ಊರೊಳಗಿನ ಆಟೊ, ಲಾರಿ, ಟ್ರ್ಯಾಕ್ಟರುಗಳ ಸಂದಣಿ. ಒಂದು ಸಲ ಹಾಗೆ ಬಂದವರು ಮರುದಿನ ಮಧ್ಯಾಹ್ನ ರೂಮಿನ ಮಾತೇ ಎತ್ತುವುದಿಲ್ಲ. ಬಿಸಿಲಲ್ಲೇ ಸುತ್ತುತ್ತಾರೆ, 3 ಗಂಟೆಗೆ ಮಗು ಅಳಲು ಶುರುಮಾಡುತ್ತದೆ, ಸಂಜೆಯ ಹೇಮಕೂಟ ಗುಡ್ಡ ತಪ್ಪಿಹೋಗುತ್ತದೆ.

ಹಾಗಂತ ಹೊಸಪೇಟೆಯನ್ನು ತಳ್ಳಿಹಾಕುವಂತಿಲ್ಲ. 2021ರಿಂದ ಇದು ವಿಜಯನಗರ ಜಿಲ್ಲೆಯ ಕೇಂದ್ರ. ಆಸ್ಪತ್ರೆ, ರಾತ್ರಿ ತೆರೆದಿರುವ ಔಷಧಿ ಅಂಗಡಿ, ಪಂಕ್ಚರ್ ಹಾಕುವವರು, ಲಿಫ್ಟ್ ಇರುವ ಲಾಡ್ಜು ಎಲ್ಲ ಇಲ್ಲೇ. ಬೆಳಗ್ಗೆ ವಗ್ಗರಣಿ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಬಜ್ಜಿ ಬಿಸಿಯಾಗಿ ಸಿಗುತ್ತದೆ (ಮಿರ್ಚಿ ಖಾರ ಇರುತ್ತದೆ, ಮಕ್ಕಳಿಗೆ ವಗ್ಗರಣಿ ಸಾಕು). ರಾತ್ರಿ 9ರ ಮೇಲೆ ಊರು ಮುಟ್ಟುವುದಾದರೆ ಮೊದಲ ರಾತ್ರಿ ಇಲ್ಲೇ ಮಲಗುವುದು ಸರಿ. ಟ್ಯಾಂಕೂ ಇಲ್ಲೇ ತುಂಬಿಸಿಬಿಡಿ.

ಕಮಲಾಪುರ

ಸ್ಮಾರಕಗಳ ದಕ್ಷಿಣ ಅಂಚಿನ ಊರು. ಹಂಪಿ ಬಜಾರಿಗೆ ನಾಲ್ಕೈದು ಕಿ.ಮೀ., ರಾಣಿಯರ ಸ್ನಾನಗೃಹ, ಮಹಾನವಮಿ ದಿಬ್ಬ, ಹಜಾರರಾಮ ಇನ್ನೂ ಹತ್ತಿರ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲ್ ಮಯೂರ ಭುವನೇಶ್ವರಿ ಇರುವುದೂ ಇಲ್ಲೇ. ಹತ್ತಿಪ್ಪತ್ತು ನಿಮಿಷದಲ್ಲಿ ರೂಮು ಸೇರಬಹುದಾದ್ದರಿಂದ ಮಧ್ಯಾಹ್ನದ ನಿದ್ದೆ ಇಲ್ಲಿ ನಿಜಕ್ಕೂ ಸಾಧ್ಯ.

ದಿನವನ್ನು ಹೀಗೆ ಹೊಂದಿಸಿ. ಬೆಳಗ್ಗೆ ಮೊದಲು ವಿಠ್ಠಲ ದೇವಸ್ಥಾನ. ಕಾರು ಗೆಜ್ಜಲ ಮಂಟಪದ ಬಳಿಯೇ ನಿಲ್ಲಬೇಕು. ಮುಂದಿನ ಸುಮಾರು 1 ಕಿ.ಮೀ.ಗೆ ಬ್ಯಾಟರಿ ಗಾಡಿ ಅಥವಾ ನಡಿಗೆ. ವಾರಾಂತ್ಯ ತಡವಾಗಿ ಹೋದರೆ ಗಾಡಿಯ ಸಾಲಿನಲ್ಲೇ ಬೆವರು ಇಳಿಯುತ್ತದೆ, ವಾಪಸು ಬರುವಾಗ ಇನ್ನೊಂದು ಸಾಲು. ಆಮೇಲೆ ಊಟ, ನಿದ್ದೆ. 3.30ಕ್ಕೆ ಕಮಲ ಮಹಲ್ ಮತ್ತು ಆನೆಲಾಯ. ವಿಠ್ಠಲದಲ್ಲಿ ಕೊಂಡ ಪುರಾತತ್ವ ಇಲಾಖೆಯ ಟಿಕೆಟ್ ಅದೇ ದಿನ ಇಲ್ಲೂ, ಕಮಲಾಪುರದ ವಸ್ತುಸಂಗ್ರಹಾಲಯದಲ್ಲೂ ನಡೆಯುತ್ತದೆ. ಎಸೆದು ಮತ್ತೆ ಕೊಳ್ಳುವವರೇ ಹೆಚ್ಚು. 15 ವರ್ಷದೊಳಗಿನವರಿಗೆ ಟಿಕೆಟ್ ಬೇಡ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಹಂಪಿಯ ದೊಡ್ಡ ಮಾದರಿ ಅದರ ಅಂಗಳದಲ್ಲಿದೆ, ಸುತ್ತಾಟಕ್ಕೆ ಮುಂಚೆ ಅದನ್ನು ನೋಡಿದರೆ ಬೆಟ್ಟ, ಹೊಳೆ, ಗುಡಿಗಳ ದಿಕ್ಕು ಮಕ್ಕಳಿಗೂ ಗೊತ್ತಾಗುತ್ತದೆ.

ಸೂರ್ಯಾಸ್ತಕ್ಕೆ ಎಲ್ಲರೂ ಮಾತಂಗ ಪರ್ವತ ಅನ್ನುತ್ತಾರೆ. ಮೊಣಕಾಲು ನೋವಿನವರಿದ್ದರೆ ಅದರ ಮಾತು ಬಿಡಿ. ಕಂಪ್ಲಿ ರಸ್ತೆಯ ಮಾಲ್ಯವಂತ ರಘುನಾಥ ಗುಡಿಯವರೆಗೆ ಕಾರೇ ಹತ್ತುತ್ತದೆ, ಹಿಂಬದಿಯ ಬಂಡೆಯಿಂದ ಕಾಣುವ ನೋಟವೂ ಕಡಿಮೆಯದಲ್ಲ. ಮೂರನೇ ದಿನಕ್ಕೆ ದರೋಜಿ ಕರಡಿಧಾಮ ಇಲ್ಲಿಂದ ಹತ್ತಿರ, ಕರಡಿಗಳು ಬಂಡೆಯ ಮೇಲೆ ಕಾಣಿಸಿಕೊಳ್ಳುವುದು ಮಧ್ಯಾಹ್ನದ ನಂತರ.

ಕಮಲಾಪುರದ ಕೊರತೆ ಊಟ. ಆಯ್ಕೆ ಕಡಿಮೆ, ರಾತ್ರಿ ಬೇಗ ಮುಚ್ಚುತ್ತದೆ. ಹಂಪಿ ಉತ್ಸವದ ದಿನಗಳಲ್ಲಿ ರೂಮು ಸಿಗುವುದೂ ಕಷ್ಟ.

ವಿರೂಪಾಕ್ಷ ಗುಡಿಯ ಪಕ್ಕದ ಜನತಾ ಪ್ಲಾಟಿನಲ್ಲೂ ರೂಮುಗಳಿವೆ. ಓಣಿ ಇಕ್ಕಟ್ಟು, ಕಾರು ಬಾಗಿಲವರೆಗೆ ಬರುವುದಿಲ್ಲ, ಪೆಟ್ಟಿಗೆ ಹೊತ್ತು ಕಡಿದಾದ ಮೆಟ್ಟಿಲು ಹತ್ತಬೇಕು. ಹರೆಯದವರಿಗೆ ಸರಿ.

ಆನೆಗುಂದಿ

ತುಂಗಭದ್ರಾ ಹೊಳೆಯಾಚೆ, ಕೊಪ್ಪಳ ಜಿಲ್ಲೆ. ನಕ್ಷೆ ನೋಡಿ ಮೋಸಹೋಗುವ ಜಾಗ ಇದೇ. ವಿರೂಪಾಕ್ಷ ಗುಡಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತದೆ, ಆದರೆ ಕಾರಿಗೆ ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ಸುತ್ತು ದಾರಿಯೇ ಗತಿ, ಸುಮಾರು 20 ಕಿ.ಮೀ. ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು, ಅಲ್ಲಿ ಈಗಲೂ ಕಾರು ದಾಟುವುದಿಲ್ಲ. ದೋಣಿ ಇದೆ, ಆದರೆ ಕತ್ತಲಾಗುವ ಮುಂಚೆಯೇ ನಿಲ್ಲುತ್ತದೆ. ಮಳೆಗಾಲದಲ್ಲಿ ತುಂಗಭದ್ರಾ (ಟಿ.ಬಿ.) ಡ್ಯಾಮಿನಿಂದ ನೀರು ಬಿಟ್ಟರೆ ಹಗಲಲ್ಲೂ ಇರುವುದಿಲ್ಲ. ಹೊಳೆ ನಡುವೆ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳಿರುವ ನವಬೃಂದಾವನಕ್ಕೆ ಹೋಗುವವರೂ ಜುಲೈನಿಂದ ಅಕ್ಟೋಬರಿನವರೆಗೆ ಇದನ್ನು ಮೊದಲು ವಿಚಾರಿಸಬೇಕು.

ಹೊಳೆ ನಡುವಿನ ದ್ವೀಪ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಹಳೆಯ ಬರಹಗಳಲ್ಲಿ ಓದಿ ಹುಡುಕಬೇಡಿ, ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅವನ್ನು ಕೆಡವಲಾಯಿತು. ಈಗ ತಂಗುವುದು ಆನೆಗುಂದಿ, ಸಣಾಪುರದ ಕಡೆ. ಗದ್ದೆ, ಬಾಳೆತೋಟ, ಬಂಡೆಗುಡ್ಡ, ಮೂರರಲ್ಲಿ ಕಣ್ಣಿಗೆ ಅತಿ ತಂಪು ಇದೇ. ಗದ್ದೆಯ ಜೊತೆ ಸೊಳ್ಳೆಯೂ ಬರುತ್ತದೆ, ಪರದೆ ಇಲ್ಲದ ರೂಮು ಬೇಡ. ರಾತ್ರಿ ರಸ್ತೆಯಲ್ಲಿ ದೀಪ ಕಡಿಮೆ, ಎಮ್ಮೆ, ಟ್ರ್ಯಾಕ್ಟರು ಎದುರಾಗುತ್ತವೆ. ಕಾಲುವೆ ನೋಡಲು ಶಾಂತ, ಒಳಗೆ ಸೆಳೆತ ಜೋರು, ಮಕ್ಕಳನ್ನು ಇಳಿಸಬೇಡಿ. ಅಂಜನಾದ್ರಿಗೆ 575ರಷ್ಟು ಮೆಟ್ಟಿಲು. ಬಿಸಿಲೇರುವ ಮುಂಚೆ ಹತ್ತಿ, ಕೈಯಲ್ಲಿ ತಿಂಡಿಯ ಚೀಲ ಹಿಡಿಯಬೇಡಿ, ಕೋತಿ ಕಸಿಯುತ್ತದೆ.

ಇಲ್ಲಿ ತಂಗಿ ಹಂಪಿ ನೋಡುವುದು ಹೊಸಪೇಟೆಗಿಂತಲೂ ದಂಡ. ಅಂಜನಾದ್ರಿ, ಪಂಪಾ ಸರೋವರಕ್ಕೆಂದೇ ಒಂದು ಇಡೀ ದಿನ ಇದ್ದರೆ ಮಾತ್ರ ಬನ್ನಿ.

ಮೂರು ರಾತ್ರಿ ಸಿಕ್ಕರೆ ಎರಡು ಕಮಲಾಪುರ, ಕೊನೆಯದು ಆನೆಗುಂದಿ. ಎರಡೇ ಇದ್ದರೆ ಎರಡೂ ಕಮಲಾಪುರ. ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಲೆಕ್ಕ ತಿರುಗುಮುರುಗು: ಕೊಪ್ಪಳ ದಾಟಿ, ಹೊಸಪೇಟೆ ಹೊಗದೆ, ಹುಲಿಗಿ–ಸಣಾಪುರ ರಸ್ತೆ ಹಿಡಿದು ಮೊದಲು ಆನೆಗುಂದಿ ಮುಗಿಸಿ, ಮರುದಿನ ಕಡೇಬಾಗಿಲು ಸೇತುವೆ ದಾಟಿ ಕಮಲಾಪುರಕ್ಕೆ ಹೋದರೆ ಒಂದೇ ದಾರಿಯನ್ನು ಎರಡು ಸಲ ತುಳಿಯಬೇಕಾಗಿಲ್ಲ.